ಎಡಗೈಯ ಎರಡು ಹುಚ್ಚು

ಕನ್ನಡದಲ್ಲಿ ಗೋಲನ್ನೂ ಹೊಡೆಯುತ್ತೇವೆ, ಫೋಟೋವನ್ನೂ ಹೊಡೆಯುತ್ತೇವೆ. ಫೋಟೋ ‘ತೆಗೆಯುವ’ ಸೌಮ್ಯರೂ ಇದ್ದಾರೆ, ನಿಜ. ನಮ್ಮ ಭಾನುವಾರದ ಹಾಕಿ ಮೈದಾನದಲ್ಲಿ ಮಾತ್ರ ಅಂಥವರು ಯಾರೂ ಇಲ್ಲ. ‘ಸಾರ್, ಇವತ್ತು ಚೆಂಡು ಹೊಡೀತೀರೋ, ಫೋಟೋ ಹೊಡೀತೀರೋ?’ ಅಂತ ನಮ್ಮ ಸೆಂಟರ್ ಹಾಫ್ ಹುಡುಗ ವಾರವಾರ ಕೇಳುತ್ತಾನೆ. ಎರಡೂ ಅಂತ ನಾನು ವಾರವಾರ ಹೇಳುತ್ತೇನೆ. ಹಾಗೆಂದರೆ ಎರಡೂ ನೆಟ್ಟಗಿಲ್ಲ ಅಂತ ಅವನಿಗೆ ಗೊತ್ತು.

ತಕರಾರು ಇರುವುದು ಹೊತ್ತಿನದು. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ. ಬಿಸಿಲು ಓರೆಯಾಗಿ ಬಿದ್ದು, ಶೂಗಳು ಎಬ್ಬಿಸಿದ ಕೆಂಧೂಳು ಬೆಳಕಿನಲ್ಲಿ ಒಂದು ಗಳಿಗೆ ನಿಂತು, ಗೋಲುಕಂಬದ ನೆರಳು ಗೋಲಿನ ಮುಂದಿನ ಅರ್ಧವೃತ್ತದ, ಅಂದರೆ ‘ಡಿ’ಯ, ಅಂಚಿನವರೆಗೂ ಚಾಚಿಕೊಳ್ಳುವ ಸಮಯ. ನಲವತ್ತೇಳು ವರ್ಷದ ನನ್ನ ಮಂಡಿಗಳು ಓಟಕ್ಕೆ ಒಪ್ಪುವುದೂ ಅಷ್ಟು ಹೊತ್ತು ಮಾತ್ರ. ಒಂಬತ್ತಾದರೆ ಸೂರ್ಯ ನೆತ್ತಿಯತ್ತ ಸರಿದು ಎಲ್ಲರ ಕಣ್ಣೂ ಕಪ್ಪು ಗುಳಿಗಳಾಗುತ್ತವೆ. ಕ್ರಿಕೆಟ್ ಹುಡುಗರು ಬಂದು ವಿಕೆಟ್ ನೆಡುತ್ತಾರೆ. ಒಂದೇ ಬಾವಿಗೆ ಎರಡು ಮನೆಯವರು ಒಟ್ಟಿಗೆ ಹಗ್ಗ ಇಳಿಸಿದ ಹಾಗೆ ನನ್ನ ಎರಡು ಹುಚ್ಚುಗಳೂ ಆ ಎರಡು ಗಂಟೆಗೇ ಬಂದು ನಿಲ್ಲುತ್ತವೆ.

ಹಾಗಾಗಿ ಕಿಟ್ ಬ್ಯಾಗಿನಲ್ಲಿ ಶಿನ್ ಗಾರ್ಡ್, ನೀರಿನ ಬಾಟಲಿ, ಹಳೇ ಟವೆಲ್ಲು. ಟವೆಲ್ಲಿನೊಳಗೆ ಕೂಸಿನ ಹಾಗೆ ಸುತ್ತಿಕೊಂಡ ನಿಕಾನ್ ಎಫ್‌ಎಂ2. ಹಾಕಿ ಸ್ಟಿಕ್ಕು 737 ಗ್ರಾಂ ಮೀರಬಾರದು ಎಂದು ನಿಯಮವಿದೆ. ಎಫ್‌ಎಂ2 ಕ್ಯಾಮೆರಾ, ಲೆನ್ಸ್ ಬಿಟ್ಟು, 540 ಗ್ರಾಂ. ಲೆನ್ಸ್ ಸಿಕ್ಕಿಸಿದರೆ ಎರಡೂ ಹೆಚ್ಚುಕಡಿಮೆ ಸರಿತೂಕ. ಇದನ್ನೊಂದು ಶುಭಶಕುನ ಎಂಬಂತೆ ಹೆಂಡತಿಗೆ ಹೇಳಿದೆ. ಅವಳು ಬ್ಯಾಗನ್ನೊಮ್ಮೆ ಎತ್ತಿ ನೋಡಿ, ‘ಆಟಕ್ಕೆ ಹೊರಟ್ರೋ, ಯಾರದಾದ್ರೂ ಮದುವೆ ಆರ್ಡರ್ ಹಿಡಿದಿದ್ದೀರೋ?’ ಎಂದಳು.

ನಾನು ಎಡಚ. ಇದನ್ನು ಮೊದಲೇ ಹೇಳಬೇಕಿತ್ತು. ಅಪ್ಪನಿಗೆ ಅಂಚೆ ಇಲಾಖೆಯಲ್ಲಿ ಕೆಲಸ, ವಿರಾಜಪೇಟೆಗೆ ವರ್ಗವಾಗಿತ್ತು, ನಾನು ಬೆಳೆದದ್ದು ಅಲ್ಲಿ. ಎಡಗೈಯಲ್ಲಿ ಅನ್ನ ಕಲಸಿದರೆ ಅಜ್ಜಿ ಮಣಿಕಟ್ಟಿಗೆ ತಟ್ಟುತ್ತಿದ್ದಳು. ಎಡಗೈಯಲ್ಲಿ ಕಾಸು ಚಾಚಿದರೆ ಅಂಗಡಿಯವರು ಕೈ ಹಿಂದಕ್ಕೆಳೆದುಕೊಂಡು ‘ಬಲಗೈಲಿ ಕೊಡು ಮಗಾ’ ಎನ್ನುತ್ತಿದ್ದರು. ಊಟ ಬಲಗೈಗೆ ಹೋಯಿತು, ಬರವಣಿಗೆಯೂ ಹೋಯಿತು. ಆಟದಲ್ಲಾದರೂ ಎಡಗೈ ಉಳಿದೀತು ಅಂದುಕೊಂಡು ಶಾಲೆಯ ಮೈದಾನಕ್ಕೆ ಇಳಿದೆ. ಪಿ.ಟಿ. ಮೇಷ್ಟರು ಕೈಗೆ ಸ್ಟಿಕ್ಕು ಕೊಟ್ಟರು. ಅದರ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಚೆಂಡು ಹೊಡೆಯಬೇಕಾದದ್ದು ಚಪ್ಪಟೆ ಮಗ್ಗುಲಲ್ಲಿ, ಅದು ಇರುವುದು ಎಡಕ್ಕೆ. ತಿರುಗುಮುರುಗು ಹಿಡಿದು ಆಡೋಣವೆಂದರೆ ಉಬ್ಬಿನ ಕಡೆಯಿಂದ ಚೆಂಡು ಮುಟ್ಟುವಂತಿಲ್ಲ. ಎಡಚರ ಬ್ಯಾಟು ಇದೆಯಲ್ಲ, ಎಡಚರ ಸ್ಟಿಕ್ಕು ಇಲ್ಲವೇ ಸಾರ್ ಅಂದೆ. ‘ಇಲ್ಲ. ಹಾಕಿಯಲ್ಲಿ ಎಲ್ಲರೂ ಬಲಗೈಯವರೇ’ ಎಂದರು.

ಆಮೇಲೆ ಅವರೇ ನನ್ನ ಎಡಗೈಯನ್ನು ಹಿಡಿಕೆಯ ತುದಿಗೂ ಬಲಗೈಯನ್ನು ಅರ್ಧ ಕೆಳಗೂ ಇಟ್ಟು, ‘ಬಲಗೈ ಕೊಳವೆ ಇದ್ದ ಹಾಗೆ, ಸುಮ್ಮನೆ ಇರಬೇಕು. ತಿರುಗಿಸೋದೆಲ್ಲ ಮೇಲಿನ ಕೈ’ ಎಂದು ತೋರಿಸಿದರು. ಚೆಂಡಿನ ಬಲಕ್ಕೊಮ್ಮೆ ಎಡಕ್ಕೊಮ್ಮೆ ಸ್ಟಿಕ್ಕು ಮಗುಚಿಕೊಳ್ಳುವ ಡ್ರಿಬಲ್ಲಿನಲ್ಲಿ ನೋಡುವವರ ಕಣ್ಣಿಗೆ ಬೀಳುವುದು ಕೆಳಗಿನ ಕೈ, ಕೆಲಸ ಮಾಡುವುದು ಮೇಲಿನ ಎಡಗೈ. ತರಗತಿಯ ಮಿಕ್ಕ ಹುಡುಗರು ಮಣಿಕಟ್ಟು ನೋಯುತ್ತದೆಂದು ಗೊಣಗುತ್ತಿದ್ದಾಗ ನನಗೆ ಮೂರೇ ದಿನಕ್ಕೆ ರಿವರ್ಸ್ ಕೂತಿತು. ಅಜ್ಜಿಗೆ ಹೇಳಲಿಲ್ಲ.

ಕ್ಯಾಮೆರಾದ್ದೂ ಇದೇ ಕಥೆ. ಶಟರ್ ಗುಂಡಿ ಬಲಕ್ಕೆ, ರೀಲು ಮುಂದಕ್ಕೆ ಸರಿಸುವ ಲಿವರ್ ಬಲಕ್ಕೆ. ಡ್ರೆಸ್ಡನ್ನಿನ ಇಹಾಗೇ ಕಾರ್ಖಾನೆಯವರು ಎಕ್ಸಾಕ್ಟಾ ಎಂಬ ಕ್ಯಾಮೆರಾದಲ್ಲಿ ಇವೆರಡನ್ನೂ ಎಡಕ್ಕೆ ಇಟ್ಟಿದ್ದರು. ಹಿಚ್‌ಕಾಕ್‌ನ ‘ರಿಯರ್ ವಿಂಡೋ’ದಲ್ಲಿ ಕಾಲು ಮುರಿದುಕೊಂಡು ಕುಳಿತ ನಾಯಕ ಎದುರು ಮನೆಯ ಕಿಟಕಿಗೆ ಗುರಿಯಿಡುವುದು ಅದನ್ನೇ. ಕೊಳ್ಳುವ ಆಸೆ ಬಹಳ ದಿನ ಇತ್ತು. ಆಮೇಲೆ ಬೇಕೆನಿಸಲಿಲ್ಲ. ಏಕೆಂದರೆ ಇಲ್ಲೂ ಹೊಡೆದ ಹೆಸರಷ್ಟೇ ಬಲಗೈಗೆ. ಲೆನ್ಸನ್ನು ಅಂಗೈಯಲ್ಲಿ ಹೊತ್ತು, ಉಂಗುರ ತಿರುಗಿಸಿ ಫೋಕಸ್ ಹಿಡಿದು, ಅಪರ್ಚರ್ ಹಿಗ್ಗಿಸಿ ಕುಗ್ಗಿಸಿ, ಅಲುಗಾಡದಂತೆ ಕಾಯುವುದು ಎಡಗೈ. ರೀಲು ಮುಗಿದ ಮೇಲೆ ಅದನ್ನು ಡಬ್ಬಿಯೊಳಕ್ಕೆ ಸುತ್ತಿಕೊಳ್ಳುವ ಪುಟ್ಟ ಹಿಡಿಕೆಯೂ ಎಡ ತುದಿಯಲ್ಲೇ ಇದೆ. ಮದುವೆ ಮನೆಯಲ್ಲಿ ಮಾವನವರು ಹಾರ ಹಾಕಿಸಿಕೊಳ್ಳುವಾಗ ಹಿಂದೆ ಅಡುಗೆಮನೆಯಲ್ಲಿ ಒಬ್ಬರು ಬೆವರುತ್ತಿರುತ್ತಾರಲ್ಲ, ಹಾಗೆ.

ಚಿತ್ರದ ರುಚಿ ಹತ್ತಿದ್ದೂ ವಿರಾಜಪೇಟೆಯಲ್ಲೇ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೀಲು ಆಗಿನ್ನೂ ಸಿಗುತ್ತಿತ್ತು. ರೀಲು ತೊಳೆಯಲು ಕೊಟ್ಟು, ಅದು ಬರುವ ತನಕ ದಿನಾ ಸಂಜೆ ಸ್ಟುಡಿಯೋ ಮುಂದೆ ಸುಳಿದಾಡುವುದೇ ಒಂದು ಕೆಲಸ. ಅದೇ ರಸ್ತೆಯಲ್ಲಿ ಸಂಜೆ ಹುಡುಗರು ಸ್ಟಿಕ್ಕು ಹೆಗಲಿಗೆ ಹಾಕಿಕೊಂಡು ಬರುವರು. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಆಡಿದ್ದರು, 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ. ಅಂಥ ಹೆಸರುಗಳನ್ನು ಆ ಹುಡುಗರು ಪಕ್ಕದ ಮನೆಯವರ ಹೆಸರಿನಂತೆ ಹೇಳುತ್ತಿದ್ದರು.

ಈಗಲೂ ಏಪ್ರಿಲ್ ಬಂದರೆ ನಾಲ್ಕು ದಿನ ರಜೆ ಹಾಕಿ ಕೊಡವ ಕೌಟುಂಬಿಕ ಹಾಕಿ ನೋಡಲು ಹೋಗುತ್ತೇನೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು. ತಂಡವೆಂದರೆ ಒಂದು ಮನೆತನ. ಅಜ್ಜ ಗೋಲಿನಲ್ಲಿ, ಮೊಮ್ಮಗಳು ರೈಟ್ ಔಟ್, ಪೇಟೆಯಿಂದ ರಜೆಗೆ ಬಂದ ಚಿಕ್ಕಪ್ಪ ಐದೇ ನಿಮಿಷಕ್ಕೆ ಏದುಸಿರು ಬಿಡುತ್ತಾ ಫುಲ್ ಬ್ಯಾಕ್. ನಾನು ಕೊಡವನಲ್ಲ, ಆದ್ದರಿಂದ ಅಲ್ಲಿ ಆಡುವ ಪ್ರಶ್ನೆಯೇ ಇಲ್ಲ. ವರ್ಷದಲ್ಲಿ ಆ ನಾಲ್ಕು ದಿನ ಮಾತ್ರ ನನ್ನ ಎರಡು ಹುಚ್ಚುಗಳ ನಡುವೆ ಜಗಳವಿಲ್ಲ. ಕ್ಯಾಮೆರಾ ಗೆದ್ದಿರುತ್ತದೆ. ಆದರೂ ಒಳ್ಳೆಯ ಪಾಸ್ ಕಂಡಾಗ ಬಲಗಾಲು ತಾನಾಗಿ ಮುಂದಕ್ಕೆ ಹೋಗಿ ಫೋಟೋ ಅಲುಗಿಬಿಡುತ್ತದೆ.

ಒಂದು ಲೆಕ್ಕ ಹೇಳಿಬಿಡುತ್ತೇನೆ, ಅದು ನನ್ನನ್ನು ವರ್ಷಗಟ್ಟಲೆ ಕಾಡಿದೆ. ಜೋರಾಗಿ ಹೊಡೆದ ಚೆಂಡು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ ಅನ್ನಿ. ಶಟರ್ 1/500 ಸೆಕೆಂಡು ತೆರೆದರೆ ಅಷ್ಟರಲ್ಲಿ ಚೆಂಡು ಐದೂವರೆ ಸೆಂಟಿಮೀಟರ್ ದಾಟಿರುತ್ತದೆ. ಚೆಂಡಿನ ಅಡ್ಡಳತೆಯೇ ಏಳು ಚಿಲ್ಲರೆ. ಅಂದರೆ ಇಡ್ಲಿಯಂತೆ ಹೋದದ್ದು ನೆಗೆಟಿವ್‌ನಲ್ಲಿ ಕಡುಬಾಗಿ ಕೂರುತ್ತದೆ. 1/1000ಕ್ಕೆ ಹೋಗೋಣವೆಂದರೆ ಬೆಳಗಿನ ಬೆಳಕಿಗೆ 400ರ ರೀಲು ಸಾಲದು. ನನ್ನ ಕಡುಬುಗಳ ಸಂಗ್ರಹ ದೊಡ್ಡದು.

ಇನ್ನೊಂದು ತಮಾಷೆ ಇದೆ, ಅದು ಎಸ್‌ಎಲ್‌ಆರ್ ಕ್ಯಾಮೆರಾದ ಹೊಟ್ಟೆಯೊಳಗಿನದು. ಗುಂಡಿ ಒತ್ತಿದಾಕ್ಷಣ ಒಳಗಿನ ಕನ್ನಡಿ ಮೇಲಕ್ಕೆ ಮಡಚಿಕೊಂಡು ಫೈಂಡರ್ ಕತ್ತಲಾಗುತ್ತದೆ. ಫಿಲ್ಮಿಗೆ ಬೆಳಕು ಬೀಳುವುದು ಆ ಕತ್ತಲಲ್ಲೇ. ಆದ್ದರಿಂದ ಕಣ್ಣಾರೆ ಕಂಡದ್ದು ಚಿತ್ರದಲ್ಲಿ ಬಂದಿರುವುದಿಲ್ಲ, ಚಿತ್ರದಲ್ಲಿ ಬಂದದ್ದನ್ನು ಹೊಡೆದವನು ಕಂಡಿರುವುದಿಲ್ಲ. ‘ಡಿ’ಯೊಳಗೆ ಚೆಂಡು ಹೊಡೆಯುವವನೂ ಅಷ್ಟೆ: ತಲೆ ತಗ್ಗಿಸಿ ಚೆಂಡು ನೋಡಬೇಕು, ಗೋಲು ನೋಡಿದರೆ ಸ್ಟಿಕ್ಕು ನೆಲ ಬಗೆಯುತ್ತದೆ. ನನ್ನ ಜೀವನದ ಒಂದೇ ಒಂದು ಒಳ್ಳೆಯ ಗೋಲನ್ನು ನಾನು ಕಿವಿಯಲ್ಲಿ ಕೇಳಿದ್ದೇನೆ. ಹಿಂದಿನ ಹಲಗೆಗೆ ಟಕ್ ಎಂದಿತು.

ಆಡುತ್ತಾ ಫೋಟೋ ಹೊಡೆಯಲಾಗದು. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದಾದ್ದರಿಂದ ನನ್ನಂಥವನಿಗೆ ಬದುಕಿದೆ. ಏಳು ನಿಮಿಷ ಓಡುತ್ತೇನೆ, ಕೈ ಎತ್ತುತ್ತೇನೆ, ಹುಡುಗನೊಬ್ಬ ಒಳಗೆ ಬರುತ್ತಾನೆ. ಟವೆಲ್ಲು ಬಿಚ್ಚಿ ಗೋಲುಕಂಬದ ಪಕ್ಕಕ್ಕೆ ಓಡುತ್ತೇನೆ. ಎದೆ ಡಬಡಬ ಹೊಡೆಯುತ್ತಿರುವಾಗ ಕೈ ಸ್ಥಿರವಾಗಿರುವುದು ಹೇಗೆ? ಉಸಿರು ಬಿಟ್ಟು, ಮುಂದಿನದು ಎಳೆದುಕೊಳ್ಳುವ ಮೊದಲು ಒತ್ತುವುದನ್ನು ಕಲಿತೆ. ಬೆವರು ಹುಬ್ಬಿನಿಂದ ಇಳಿದು ಫೈಂಡರ್ ಗಾಜಿನ ಮೇಲೆ ನಿಂತರೆ ಮಾತ್ರ ಕಲಿಯುವುದೇನೂ ಇಲ್ಲ. ಒಮ್ಮೆ ಎಲ್ಲರೂ ಚಂದಾ ಹಾಕಿ ಆಸ್ಟ್ರೋ ಟರ್ಫ್ ಬಾಡಿಗೆಗೆ ಹಿಡಿದೆವು. ಅದರ ಮೇಲೆ ಆಟಕ್ಕೆ ಮುಂಚೆ ನೀರು ಚಿಮ್ಮಿಸುತ್ತಾರೆಂದು ಗೊತ್ತಿತ್ತು. ಅದು ನನ್ನ ಬ್ಯಾಗು ಇಟ್ಟ ಮೂಲೆಯಿಂದಲೇ ಚಿಮ್ಮುತ್ತದೆಂದು ಗೊತ್ತಿರಲಿಲ್ಲ. ಎಫ್‌ಎಂ2ಗೆ ಬ್ಯಾಟರಿ ಬೇಕಾಗುವುದು ಬೆಳಕಿನ ಮೀಟರಿಗೆ ಮಾತ್ರ, ಮಿಕ್ಕಿದ್ದೆಲ್ಲ ಹಲ್ಲುಚಕ್ರ, ಸ್ಪ್ರಿಂಗು. ಎರಡು ದಿನ ಅಕ್ಕಿ ಡಬ್ಬದ ಪಕ್ಕದಲ್ಲಿ ಒಣಗಿ ಮತ್ತೆ ಟಪ್ ಎಂದಿತು.

ಎಡಗೈ ಕಿರುಬೆರಳು ಮುರಿದದ್ದು ಹೋದ ವರ್ಷ. ಆರು ವಾರ ಪಟ್ಟಿ. ಸ್ಟಿಕ್ಕು ಹಿಡಿಯುವಂತಿಲ್ಲ, ಫೋಕಸ್ ಉಂಗುರ ತಿರುಗಿಸಿದರೂ ಜುಂ ಎನ್ನುತ್ತದೆ. ಹಾಗಾಗಿ ಪೆನಾಲ್ಟಿ ಸ್ಪಾಟ್‌ಗೆ, ಗೋಲುಗೆರೆಯಿಂದ 6.4 ಮೀಟರ್ ದೂರದ ಆ ಬಿಳಿ ಚುಕ್ಕೆಗೆ, ಒಮ್ಮೆ ಫೋಕಸ್ ಹಿಡಿದಿಟ್ಟು ಆಟ ಅಲ್ಲಿಗೆ ಬರಲಿ ಎಂದು ಕಾಯುತ್ತಾ ಕೂತೆ. ಇಪ್ಪತ್ತು ನಿಮಿಷ ಏನೂ ಬರಲಿಲ್ಲ. ಬಂದಾಗ ಏಳು ಜನ ಒಟ್ಟಿಗೆ ಬಂದರು. ನನ್ನ ಒಳ್ಳೆಯ ಚಿತ್ರಗಳಲ್ಲಿ ಮುಕ್ಕಾಲು ಪಾಲು ಆ ಆರು ವಾರಗಳವೇ ಎಂಬುದನ್ನು ಒಪ್ಪಲು ಆಟಗಾರನಾಗಿ ನನಗೆ ಸಂಕಟ.

ಗೋಲಿನ ಜಗಳವೂ ಆ ವಾರಗಳದ್ದೇ. ನಮ್ಮ ಗೋಲ್‌ಕೀಪರ್ ನಿವೃತ್ತ ಹವಿಲ್ದಾರರು. ಎದುರು ಬದಿಯ ಬ್ಯಾಂಕಿನವರು ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆದ ಚೆಂಡು ಅವರ ಪ್ಯಾಡಿಗೆ ಬಡಿದು, ಕಂಬಕ್ಕೆ ತಗುಲಿ, ಹೊರಗೆ ಬಂತು. ಗೆರೆ ದಾಟಿ ಬಂತು ಅಂತ ಬ್ಯಾಂಕಿನವರು. ದಾಟಲೇ ಇಲ್ಲ ಅಂತ ಹವಿಲ್ದಾರರು. ‘ಸಾರ್, 1975ರ ಫೈನಲ್‌ನಲ್ಲಿ ಅಶೋಕ್ ಕುಮಾರ್ ಗೋಲೂ ಹೀಗೇ ಕಂಬಕ್ಕೆ ಹೊಡೆದು ಹೊರಗೆ ಬಂದದ್ದು. ಪಾಕಿಸ್ತಾನದವರು ಎಷ್ಟು ಕೂಗಾಡಿದರೂ ಅಂಪೈರ್ ಗೋಲು ಅಂದ್ರು’ ಎಂದರು ಬ್ಯಾಂಕಿನವರು. ‘ಅಲ್ಲಿ ಅಂಪೈರ್ ಇದ್ದರು. ಇಲ್ಲಿ ಯಾರಿದಾರೆ?’ ಎಂದರು ಹವಿಲ್ದಾರರು. ಆಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೊಡೆದಿದ್ದೆ.

ರೀಲಿನಲ್ಲಿ ಇನ್ನೂ ಹನ್ನೊಂದು ಉಳಿದಿದ್ದವು. ತೊಳೆಯುವ ಖರ್ಚೂ ಸೇರಿ ಈಗ ಒಂದೊಂದು ಫ್ರೇಮಿಗೆ ಮೂವತ್ತು ರೂಪಾಯಿ ಬೀಳುತ್ತದೆ. ‘ಸುಮ್ನೆ ಗೋಡೆಗೆ ಹೊಡೆದು ಮುಗಿಸಿ ಸಾರ್’ ಎಂದು ಸೆಂಟರ್ ಹಾಫ್ ಗೋಗರೆದ. ಗೋಡೆಗೆ ಹೊಡೆಯಲು ಮನಸ್ಸು ಬರಲಿಲ್ಲ. ಎರಡು ಭಾನುವಾರ ಕಳೆದವು. ಹವಿಲ್ದಾರರೂ ಬ್ಯಾಂಕಿನವರೂ ಮಾತು ಬಿಟ್ಟಿದ್ದರು. ಚಹಾ ಅಂಗಡಿಯಲ್ಲಿ ಬೇರೆಬೇರೆ ಬೆಂಚು.

ಕೊನೆಗೂ ರೀಲು ಮುಗಿಯಿತು. ತೊಳೆಯುವುದು ನಾನೇ. ಬೇಸಿಗೆಯ ಬಚ್ಚಲುಮನೆಯಲ್ಲಿ ಔಷಧಿ 20 ಡಿಗ್ರಿಗೆ ಇಳಿಯುವುದಿಲ್ಲ. ಫ್ರಿಜ್ಜಿನ ಐಸ್ ತುಂಡುಗಳನ್ನು ಬಕೆಟ್ಟಿಗೆ ಹಾಕಿ, ಡೆವಲಪರ್ ಜಗ್ಗನ್ನು ಅದರಲ್ಲಿ ನಿಲ್ಲಿಸಿ, ಥರ್ಮಾಮೀಟರ್ ಹಿಡಿದು ಕೂರುತ್ತೇನೆ. ಎಚ್‌ಪಿ5 ಫಿಲ್ಮಿಗೆ ಐಡಿ-11 ಡೆವಲಪರ್‌ನಲ್ಲಿ ಏಳೂವರೆ ನಿಮಿಷ. ನಿಮಿಷಕ್ಕೊಮ್ಮೆ ಟ್ಯಾಂಕನ್ನು ನಾಲ್ಕು ಸಲ ಮಗುಚಬೇಕು. ಮಗುಚುವ ಕೈ ಎಡಗೈ; ಅದೇ ಮಣಿಕಟ್ಟು, ಡ್ರಿಬಲ್ಲಿನ ಅದೇ ತಿರುವು. ಆಮೇಲೆ ಹೈಪೋ, ಆಮೇಲೆ ನಲ್ಲಿ ನೀರು. ಮುಚ್ಚಳ ತೆರೆದು ಒದ್ದೆ ಸುರುಳಿಯನ್ನು ಬಲ್ಬಿಗೆ ಎದುರಾಗಿ ಬಿಚ್ಚುವಾಗ ಬೆನ್ನಿನಲ್ಲಿ ಓಡುವ ಚಳುಕಿಗೆ ಗೋಲು ಹೊಡೆದ ಸುಖವೂ ಸಾಟಿಯಿಲ್ಲ. ಗೋಲು ನಾನು ಹೊಡೆದದ್ದೇ ಕಡಿಮೆ ಎಂಬುದು ಬೇರೆ ಮಾತು.

ಇಪ್ಪತ್ತೈದನೆಯ ಫ್ರೇಮು ಅದು. ಹವಿಲ್ದಾರರು ಗಾಳಿಯಲ್ಲಿ ಅಡ್ಡವಾಗಿದ್ದಾರೆ, ಪ್ಯಾಡಿನಿಂದ ಧೂಳು ಸಿಡಿದಿದೆ, ಬ್ಯಾಂಕಿನವರ ಬಾಯಿ ತೆರೆದಿದೆ. ಓರೆ ಬೆಳಕಿನಲ್ಲಿ ಗೋಲುಗೆರೆ ಕತ್ತಿಯಂತೆ ಹೊಳೆಯುತ್ತಿದೆ. ಚೆಂಡು ಎಲ್ಲೂ ಇಲ್ಲ. ಕಂಬದ ಹಿಂದೋ, ಪ್ಯಾಡಿನ ಕೆಳಗೋ, ಧೂಳಿನೊಳಗೋ. ಕಡುಬಾಗಿಯಾದರೂ ಕಾಣಬಾರದೆ! ಭೂತಗನ್ನಡಿ ಹಿಡಿದು ಅರ್ಧ ಗಂಟೆ ಹುಡುಕಿದೆ. ಆರು ಜನ ಆಟಗಾರರು ಆರು ದಿಕ್ಕಿಗೆ ನೋಡುತ್ತಿದ್ದಾರೆ.

ದೊಡ್ಡದಾಗಿ ಒಂದು ಪ್ರಿಂಟ್ ಹಾಕಿಸಿ ಭಾನುವಾರ ಚಹಾ ಅಂಗಡಿಗೆ ಒಯ್ದೆ. ಹವಿಲ್ದಾರರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ‘ನೋಡ್ರೀ, ಚೆಂಡು ಒಳಗಿಲ್ಲ’ ಎಂದರು. ಬ್ಯಾಂಕಿನವರು ಅವರ ಬೆಂಚಿಗೇ ಬಂದು ಭುಜದ ಮೇಲಿಂದ ಬಗ್ಗಿ, ‘ಹೊರಗೂ ಇಲ್ಲವಲ್ಲ ಸಾರ್’ ಎಂದರು. ಆಮೇಲೆ ಇಬ್ಬರೂ ತಮಗೊಂದೊಂದು ಪ್ರತಿ ಬೇಕೆಂದು ಕೇಳಿದರು. ಮಾಡಿಸಿಕೊಟ್ಟಿದ್ದೇನೆ. ಅದು ಗೋಲಲ್ಲ ಎಂದು ತೋರಿಸಲು ಹವಿಲ್ದಾರರು ಅದನ್ನು ಕಿಟ್ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಾರೆ. ಬ್ಯಾಂಕಿನವರು ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿ, ಬಂದವರಿಗೆಲ್ಲ ತಾವು ಹೊಡೆದ ಗೋಲೆಂದು ತೋರಿಸುತ್ತಿದ್ದಾರಂತೆ.