ಅತ್ತೆ ಮಾತಿಗೊಂದು ಜಾಗ

ಹೋದ ಪಿತೃಪಕ್ಷಕ್ಕೆ ನಮ್ಮತ್ತೆ ತೀರ್ಕೊಂಡು ಎರಡು ವರ್ಷ ಆಗಿತ್ತು. ಎಡೆ ಇಡಕ್ಕೆ ಅಂತ ಮದ್ದೂರು ಕಡೆ ನಮ್ಮೂರಲ್ಲಿ ಎಲ್ಲರೂ ಸೇರಿದ್ವಿ. ನಾನು ಮಂಡ್ಯದಿಂದ ಹೋಗಿದ್ದೆ, ನಾದಿನಿ ಮಳವಳ್ಳಿಯಿಂದ ಬಂದಿದ್ಲು. ಬಾಡಿನ ಸಾರಿಗೆ ಮಸಾಲೆ ಹುರೀತಾ ಇರುವಾಗ ಅವಳು ಕೇಳಿದ್ಲು, "ಅತ್ತಿಗೆ, ಅವ್ವ ಬಾಣಂತಿ ಖಾರಕ್ಕೆ ಏನೇನ್ ಹಾಕ್ತಿದ್ಲು? ನೀವು ಬರ್ದಿಟ್ಟಿದ್ರಲ್ಲ, ಅದ ಒಸಿ ಕಳ್ಸಿ. ಮಗಳಿಗೆ ಏಳು ತಿಂಗಳು ತುಂಬ್ತು."

ನನಗೆ ಬಾಯಿ ಬರಲಿಲ್ಲ. ಆಮೇಲೆ ಹೇಳ್ದೆ, "ಅದು ಹೋಯ್ತು ಕಣವ್ವ. ಇಲ್ಲ ಈಗ."

ಅವಳು ಕೈಲಿದ್ದ ಸೌಟು ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದ್ಲು. ಸಿಟ್ಟಾಗಿದ್ರೆ ಪರವಾಗಿರಲಿಲ್ಲ. ಅಳಕ್ಕೆ ಹೋದದ್ದು ಅಂತ ನಮಗೆಲ್ಲ ಗೊತ್ತಾಯ್ತು.

ಹೋದದ್ದು ಹೆಂಗೆ ಅಂತ ಹೇಳಿಬಿಡ್ತೀನಿ. 2020ರಲ್ಲಿ ಲಾಕ್‌ಡೌನ್ ಆದಾಗ ಅತ್ತೆ ನಮ್ಮನೇಲಿ ಇದ್ರು. ಮಧ್ಯಾಹ್ನ ಹಿಟ್ಟು ಉಂಡಮೇಲೆ ಜಗಲೀಲಿ ಕೂತು ಒಂದೊಂದು ಹೇಳೋರು. ಉಪ್ಸಾರಿನ ಖಾರ, ಹುಚ್ಚೆಳ್ಳು ಚಟ್ನಿ, ಸೋಬಾನೆ ಪದ, ಆಲೆಮನೇಲಿ ರಾತ್ರಿಯೆಲ್ಲಾ ಬೆಲ್ಲ ಕಾಯಿಸಿದ್ದು, ಯಾರ ಮದುವೇಲಿ ಯಾರು ಮುನಿಸ್ಕೊಂಡು ಹೋದದ್ದು. ನಾನು ಫೋನಲ್ಲಿ ಟೈಪ್ ಮಾಡಿ ಒಂದು ಆಪ್‌ಗೆ ಹಾಕ್ತಿದ್ದೆ. ಯಾರೋ ಚೆನ್ನಾಗೈತೆ ಅಂದಿದ್ರು, ಸರಿ ಅಂತ ಹಾಕ್ಕೊಂಡಿದ್ದೆ, ಅಷ್ಟೆ. ನಲವತ್ತಾರು ಬರಹ ಆಗಿದ್ವು. ಆ ಆಪ್‌ನೋರು ಒಂದು ದಿನ ಅಂಗಡಿ ಮುಚ್ಚಿದ್ರು. ಮುಚ್ತೀವಿ, ನಿಮ್ಮದನ್ನ ತಗಂಡೋಗಿ ಅಂತ ಇಮೇಲ್ ಕಳಿಸಿದ್ರಂತೆ. ಆ ಇಮೇಲ್ ನನ್ನ ಮಗ ಮಾಡಿಕೊಟ್ಟಿದ್ದು. ಪಾಸ್‌ವರ್ಡು ಗೋಡೆ ಕ್ಯಾಲೆಂಡರಿನ ಹಿಂದೆ ಬರ್ದಿದ್ದೆ. ಯುಗಾದಿಗೆ ಸುಣ್ಣ ಹೊಡೆಯುವಾಗ ಹಳೇ ಕ್ಯಾಲೆಂಡರು ನೀರೊಲೆಗೆ ಹೋಯ್ತು. ಮಗ ಹೆಂಗೋ ಮಾಡಿ ಆ ಇಮೇಲ್ ತೆಗೆಯೋ ಹೊತ್ತಿಗೆ ಅವರು ಕೊಟ್ಟಿದ್ದ ಗಡುವು ಕಳೆದುಹೋಗಿತ್ತು. ಅಷ್ಟರಲ್ಲಿ ಅತ್ತೇನೂ ಇರಲಿಲ್ಲ.

ಎಡೆ ದಿವಸ ಸಂಜೆ ನಮ್ಮ ಓರಗಿತ್ತಿ, ಹಿರೇ ಸೊಸೆ, ಒಳಗಿಂದ ಡೈರಿಗೆ ಹಾಲು ಹಾಕೋ ಲೆಕ್ಕದ ಪುಸ್ತಕ ತಂದ್ರು. ಅವರ ಫೋನಲ್ಲಿ ಇಂಟರ್ನೆಟ್ ಇಲ್ಲ. ನಾನು ಹಾಕಿದ್ದನ್ನ ಮಗಳು ಓದಿ ಹೇಳುವಾಗ, ಇಷ್ಟ ಆದದ್ದನ್ನ ಲೀಟರ್ ಲೆಕ್ಕದ ಹಿಂದಿನ ಹಾಳೇಲಿ ಪೆನ್ನಲ್ಲಿ ಬರ್ಕಂಡಿದ್ರು. ಹನ್ನೊಂದು ಇದ್ವು. ಬಾಣಂತಿ ಖಾರ ಅದರಲ್ಲಿ ಇರಲಿಲ್ಲ. ರಾತ್ರಿ ಹನ್ನೊಂದರ ತನಕ ನಾವು ಮೂರು ಜನ ಕೂತು ನೆನಪು ಮಾಡ್ಕೊಂಡ್ವಿ. ಹಿಪ್ಪಲಿ ಎಷ್ಟು, ಓಂಕಾಳು ಹುರೀಬೇಕಾ ಬ್ಯಾಡ್ವಾ ಅಂತ ಜಗಳಾನೂ ಆಯ್ತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದು ಓರಗಿತ್ತಿ ಅಂದ್ರು, "ಇನ್ನೊಂದ್ಸಲ ಬರೆಯವ್ವ. ಆದ್ರೆ ಈ ಸಲ ಜಾಗ ನೋಡ್ಕಂಡು ಇಡು."

ಜಾಗ ನೋಡೋದು ಅಂದ್ರೆ ಹೆಣ್ಣು ನೋಡೋದಕ್ಕಿಂತ ಕಷ್ಟ ಕಣ್ರಮ್ಮ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಮದ್ದೂರಲ್ಲಿ ಡಿಗ್ರಿ ಓದೋ ಓರಗಿತ್ತಿ ಮಗಳು, "ಚಿಕ್ಕವ್ವ, ಇನ್‌ಸ್ಟಾಗ್ರಾಮಲ್ಲಿ ರೀಲ್ಸ್ ಮಾಡಿ, ಎಲ್ರೂ ನೋಡ್ತಾರೆ" ಅಂದ್ಲು. ನೋಡ್ತಾರೆ, ಸರಿ. ಆದರೆ ಅತ್ತೆ ಒಂದು ಸಾರಿನ ಕತೆ ಹೇಳಕ್ಕೆ ಶುರು ಮಾಡಿದ್ರೆ ಮೂರು ತಲೆಮಾರು ಬರೋರು. ಅದನ್ನ ಒಂದು ನಿಮಿಷಕ್ಕೆ ಕತ್ತರಿಸಿದ್ರೆ ಉಳಿಯೋದು ಸಾರು ಮಾತ್ರ.

ಪಕ್ಕದ ಮನೆ ಟೀಚರಮ್ಮ ಫೇಸ್‌ಬುಕ್ ಅಂದ್ರು. "ನಮ್ಮ ಜನ ಎಲ್ಲಾ ಅಲ್ಲೇ ಅವ್ರೆ" ಅನ್ನೋದು ಅವರ ಮಾತು. ಅದು ನಿಜ. ಸಂತೆಗೆ ಹೋದ್ರೆ ನಾಲ್ಕು ಜನ ಸಿಗ್ತಾರೆ. ಆದರೆ ರಾಗಿ ಮೂಟೇನ ಯಾರೂ ಸಂತೇಲಿ ಇಟ್ಟು ಬರಲ್ಲ. ಹೋದ ವರ್ಷ ಯುಗಾದೀಲಿ ನೀವೇ ಹಾಕಿದ್ದನ್ನ ತೆಗೀರಿ ನೋಡಾಣ ಅಂದೆ. ಟೀಚರಮ್ಮ ಅರ್ಧ ಗಂಟೆ ಬೆರಳಾಡಿಸಿದ್ರು, ಸಿಗಲಿಲ್ಲ. ಖಾತೆ ಇಲ್ಲದೋರು ಲಿಂಕ್ ಒತ್ತಿದ್ರೆ ಮೊದಲು ಲಾಗಿನ್ ಆಗು ಅಂತ ಅಡ್ಡ ಬರ್ತದೆ. ಇನ್ನು ವಾಟ್ಸಾಪ್ ಗುಂಪು ಅಂದೋರಿಗೆ ನಾನು ಹೇಳಿದ್ದು ಇಷ್ಟೆ: ನಮ್ಮ ಗುಂಪಲ್ಲಿ ಹಾಕಿದ್ದು ಸಾಯಂಕಾಲದೊಳಗೆ ಇಪ್ಪತ್ತು ಗುಡ್ ಮಾರ್ನಿಂಗ್ ಕೆಳಗೆ ಹೂತುಹೋಯ್ತದೆ. ನಾಲೇಲಿ ಬಿಟ್ಟ ಎಲೆ ಇದ್ದಂಗೆ, ಮುಂದಕ್ಕೆ ಹೋಯ್ತದೆ, ಹಿಂದಕ್ಕೆ ಬರಲ್ಲ.

ಬೆಂಗಳೂರಲ್ಲಿರೋ ಮಗ ಮಾತ್ರ ಗಟ್ಟಿಯಾಗಿ ವರ್ಡ್‌ಪ್ರೆಸ್ ಅಂದ. "ಅಮ್ಮ, ಸ್ವಂತ ಹೆಸರಲ್ಲಿ ಸೈಟ್ ಮಾಡ್ಕೊಡ್ತೀನಿ, ಬ್ಲಾಗರ್ ಎಲ್ಲಾ ಹಳೇ ಕಾಲದ್ದು" ಅಂತ. ಅವನ ಮಾತು ಕೇಳುವಾಗ ನನಗೆ ಗೊತ್ತಾಗಿದ್ದು, ವರ್ಡ್‌ಪ್ರೆಸ್ ಅಂತ ಎರಡು ಅವೆ. ಬಹಳ ಜನ ಎರಡೂ ಒಂದೇ ಅಂದ್ಕೊಂಡು ಎಡವುತ್ತಾರೆ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಒಂದು ಸಾಫ್ಟ್‌ವೇರು. ಅದು ಪುಕ್ಕಟೆಯೇ, ಆದರೆ ಅದನ್ನ ಕೂರಿಸಕ್ಕೆ ಜಾಗ ನಾವೇ ಬಾಡಿಗೆಗೆ ಹಿಡೀಬೇಕು, ಹೆಸರನ್ನೂ ನಾವೇ ಕೊಳ್ಳಬೇಕು. ಎರಡನ್ನೂ ಮುಗಿದಂಗೆಲ್ಲಾ ದುಡ್ಡು ಕಟ್ಟಿ ಮುಂದುವರಿಸಬೇಕು. ಮನೆ ನಮ್ದೇ, ಕಂದಾಯಾನೂ ನಮ್ದೇ. ಇನ್ನೊಂದು 2005ರಲ್ಲಿ ಶುರುವಾದ ವರ್ಡ್‌ಪ್ರೆಸ್ ಡಾಟ್ ಕಾಮ್. ಅಲ್ಲಿ ಅವರೇ ಜಾಗ ಕೊಡ್ತಾರೆ, ದುಡ್ಡಿಲ್ಲದೆ ಶುರು ಮಾಡಬಹುದು. ನಮ್ಮ ಬರಹದ ಜೊತೆ ಅವರ ಜಾಹೀರಾತು ಬರ್ತದೆ, ಬ್ಯಾಡ ಅಂದ್ರೆ ದುಡ್ಡು ಕಟ್ಟಬೇಕು.

ಮಗ ಹೇಳಿದ್ದು ಮೊದಲನೇದನ್ನ. "ದುಡ್ಡು ನಾನು ಕಟ್ತೀನಿ ಬಿಡಮ್ಮ" ಅಂದ. ನಾನು ಕೇಳ್ದೆ, "ನೀನು ಫಾರಿನ್ನಿಗೆ ಹೋದ್ರೆ? ಕೆಲಸದಲ್ಲಿ ಮರೆತ್ರೆ? ನಾನಿಲ್ದೇ ಹೋದ್ಮೇಲೆ ಯಾರ್ಲಾ ಕಟ್ಟೋರು?" ಫೋನಲ್ಲಿ ಸ್ವಲ್ಪ ಹೊತ್ತು ಸದ್ದೇ ಇಲ್ಲ. ದುಡ್ಡು ಕೊಟ್ಟದ್ದು ಉಳೀತದೆ, ಪುಕ್ಕಟೆದು ಹೋಯ್ತದೆ ಅಂತ ನಾವು ನಂಬ್ತೀವಿ. ಕಟ್ಟೋ ಕೈ ನಿಂತ ದಿನ ದುಡ್ಡು ಕೊಟ್ಟದ್ದೂ ಹೋಯ್ತದೆ.

ಹಂಗಂತ ಪುಕ್ಕಟೆದು ಶಾಶ್ವತ ಅನ್ನೋದೂ ಸುಳ್ಳು. ನಿಮ್ಮಲ್ಲಿ ಕೆಲವರಿಗೆ ಆರ್ಕುಟ್ ನೆನಪಿರ್ಬೇಕು. ನಮ್ಮ ನಾದಿನಿ ಮದುವೆ ಫೋಟೋ ಎಲ್ಲಾ ಅಲ್ಲೇ ಹಾಕಿದ್ವಿ. ಅದು ಗೂಗಲ್‌ನೋರದೇ. 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿದ್ರು. ಅವರದೇ ಗೂಗಲ್ ಪ್ಲಸ್ 2019ರಲ್ಲಿ ಹೋಯ್ತು. ಅದಕ್ಕೂ ಮೊದಲು ಯಾಹೂನೋರ ಜಿಯೋಸಿಟೀಸ್ 2009ರಲ್ಲಿ. ದೊಡ್ಡ ಕಂಪನಿ ಅಂತ ನೆಚ್ಚಿಕೊಂಡು ಮಲಗಕ್ಕೆ ಆಗಲ್ಲ.

ಹಂಗಾದ್ರೆ ಎಲ್ಲಿ ಇಡೋದು? ನಾನು ಹೆಸರು ಕೇಳೋದು ಬಿಟ್ಟು ಮೂರು ಪ್ರಶ್ನೆ ಇಟ್ಕೊಂಡೆ. ಒಂದು, ಓರಗಿತ್ತಿ ಮಗಳ ಆ ಒಡೆದ ಗಾಜಿನ ಫೋನಲ್ಲಿ ಲಿಂಕ್ ಒತ್ತಿದ್ರೆ, ಖಾತೆ ಗೀತೆ ಕೇಳದೆ ತೆರೀಬೇಕು. ಎರಡು, ಬರ್ದದ್ದನ್ನೆಲ್ಲಾ ಒಂದೇ ಸಲ ಮೂಟೆ ಕಟ್ಟಿ ಮನೆಗೆ ತರಕ್ಕೆ ಆಗಬೇಕು. ಮೂರು, ನಾನಿಲ್ದಿದ್ರೂ ಇನ್ನೊಬ್ಬರ ಕೈಲಿ ಬೀಗದ ಕೈ ಇರಬೇಕು.

ಬ್ಲಾಗರ್ 1999ರಲ್ಲಿ ಹುಟ್ಟಿದ್ದು, 2003ರಲ್ಲಿ ಗೂಗಲ್ ಕೊಂಡ್ಕೊಂಡ್ತು. ಹಳೇದು ಅನ್ನೋದು ಹೌದು. ಆದರೆ ಮೊದಲ ಪ್ರಶ್ನೆಗೆ ಅದೂ ಪಾಸು, ವರ್ಡ್‌ಪ್ರೆಸ್ ಡಾಟ್ ಕಾಮೂ ಪಾಸು. ಎರಡನೇದಕ್ಕೂ ಹಂಗೇ. ಬ್ಲಾಗರಿನ ಸೆಟ್ಟಿಂಗ್ಸ್ ಒಳಗೆ ಬ್ಯಾಕಪ್ ಅಂತ ಐತೆ, ಒತ್ತಿದ್ರೆ ಬರಹ ಎಲ್ಲಾ ಒಂದು ಫೈಲಾಗಿ ಇಳೀತದೆ. ವರ್ಡ್‌ಪ್ರೆಸ್‌ನಲ್ಲಿ ಅದಕ್ಕೆ ಎಕ್ಸ್‌ಪೋರ್ಟ್ ಅಂತಾರೆ. ಬ್ಲಾಗರಿನ ಮೂಟೆ ತಗಂಡೋಗಿ ವರ್ಡ್‌ಪ್ರೆಸ್‌ನಲ್ಲಿ ಬಿಚ್ಚಕ್ಕೂ ದಾರಿ ಐತೆ. ಒಂದು ಸಲ ಆರಿಸಿದ್ರೆ ಜೀವಮಾನ ಪೂರ್ತಿ ಅಲ್ಲೇ ಇರಬೇಕು ಅನ್ನೋ ಭಯ ಇದನ್ನ ತಿಳ್ಕೊಂಡಮೇಲೆ ನನಗೆ ಹೋಯ್ತು. ಟೀಚರಮ್ಮ ದಿನಾ ಓದೋ 'ಅವಧಿ'ಯೂ ಮೊದಲು ವರ್ಡ್‌ಪ್ರೆಸ್‌ನ ವಿಳಾಸದಲ್ಲೇ ಇತ್ತು, ಆಮೇಲೆ ಸ್ವಂತ ಹೆಸರಿನ ಮನೆಗೆ ಹೋಯ್ತು.

ಮೂರನೇದರಲ್ಲಿ ಬ್ಲಾಗರ್ ನನಗೆ ಸುಲಭ ಅನ್ನಿಸ್ತು. ಪರ್ಮಿಷನ್ ಅನ್ನೋ ಕಡೆ ಹೋಗಿ ಇನ್ನೊಬ್ಬರ ಇಮೇಲ್ ಹಾಕಿ ಕರೆದು, ಅವರನ್ನೂ ಅಡ್ಮಿನ್ ಮಾಡಬಹುದು. ನಾದಿನಿ ಮಗಳನ್ನೂ ಓರಗಿತ್ತಿ ಮಗಳನ್ನೂ ಮಾಡ್ದೆ. ಇನ್ನೊಂದು ವಿಷ್ಯ ನೀವೆಲ್ಲಾ ನೆನಪಿಟ್ಕೊಳಿ. ಎರಡು ವರ್ಷ ಯಾರೂ ತೆರೆಯದ ಗೂಗಲ್ ಖಾತೆಯನ್ನ ಅಳಿಸಬಹುದು ಅಂತ ಗೂಗಲ್‌ನೋರು 2023ರಲ್ಲಿ ಹೇಳವ್ರೆ. ನಾನು ಸುಮ್ಮನಾದ್ರೆ ಯಾರಿಗೆ ತಿಳಿಸಬೇಕು ಅಂತ ಮೊದಲೇ ಒಬ್ಬರ ಹೆಸರು ಕೊಡಕ್ಕೂ ಅವರಲ್ಲಿ ಜಾಗ ಐತೆ. ನಾಮಿನಿ ಇದ್ದಂಗೆ. ಬ್ಯಾಂಕಿಗೆ ನಾಮಿನಿ ಹಾಕ್ತೀವಿ, ಇದಕ್ಕೆ ಯಾಕೆ ಹಾಕಬಾರದು?

ಶುರು ಮಾಡುವಾಗ ಒಂದು ಪಜೀತಿ ಆಯ್ತು. ಓರಗಿತ್ತಿ ಪುಸ್ತಕದ ಹನ್ನೊಂದನ್ನ ಡಿಟಿಪಿ ಅಂಗಡೀಲಿ ಟೈಪ್ ಮಾಡಿಸ್ದೆ. ಅವರ ಕಂಪ್ಯೂಟರಲ್ಲಿ ಮುತ್ತಿನಂಗೆ ಕಾಣ್ತಿತ್ತು. ತಂದು ಬ್ಲಾಗರಿಗೆ ಹಾಕಿದ್ರೆ ಬರೀ ಇಂಗ್ಲಿಷ್ ಅಕ್ಷರದ ಗಲಿಬಿಲಿ. ಬ್ಲಾಗರೇ ಸರಿ ಇಲ್ಲ ಅಂತ ನಾನು ಬೈದೆ. ತಪ್ಪು ಅದರದ್ದಲ್ಲ. ನುಡಿ, ಬರಹದ ಹಳೇ ಅಕ್ಷರಗಳು ಆ ಫಾಂಟ್ ಇರೋ ಕಂಪ್ಯೂಟರಲ್ಲಿ ಮಾತ್ರ ಕನ್ನಡವಾಗಿ ಕಾಣೋದು. ಯೂನಿಕೋಡ್‌ನಲ್ಲಿ ಇದ್ರೆ ಎಲ್ಲಾ ಫೋನಲ್ಲೂ ಕಾಣ್ತದೆ. ಅಂಗಡಿ ಹುಡುಗನಿಗೆ ಹೇಳಿದೆ, ಎರಡು ನಿಮಿಷದಲ್ಲಿ ಯೂನಿಕೋಡಿಗೆ ಬದಲಾಯಿಸಿ ಕೊಟ್ಟ. ನಾವು ಫೋನಲ್ಲಿ ಟೈಪ್ ಮಾಡೋದು ಹೆಂಗೂ ಯೂನಿಕೋಡೇ. ಅದಕ್ಕೆ ಕಂಪ್ಯೂಟರೂ ಬ್ಯಾಡ, ಇಂಗ್ಲಿಷೂ ಬ್ಯಾಡ. ನಾನು ಓದಿದ್ದು ಪಿಯುಸಿ, ನಂಗೇ ಬಂತಲ್ಲ. ಕೈ ನೋವಾದಾಗ ಬಾಯಲ್ಲಿ ಹೇಳಿ ಬರೆಸ್ತೀನಿ. ನಮ್ಮ ಮಾತು ಅದಕ್ಕೆ ಒಂದೊಂದ್ಸಲ ಗೊತ್ತಾಗಲ್ಲ. ಬಸ್ಸಾರು ಅಂದ್ರೆ "ಬಸ್ಸು ಯಾರು" ಅಂತ ಬರ್ಕಂಡಿತ್ತು.

ನಾದಿನಿಗೆ ಇನ್ನೊಂದು ಭಯ. "ಅತ್ತಿಗೆ, ನಮ್ಮನೆ ವಿಷ್ಯ ಊರಿಗೆಲ್ಲಾ ಕಾಣ್ಬಿಡ್ತದಲ್ಲ, ಆಮೇಲೆ ಬರ್ದದ್ದೆಲ್ಲಾ ಗೂಗಲ್‌ನೋರದಾಗ್ಬಿಡ್ತದಂತೆ?" ಎರಡೂ ಅರ್ಧಂಬರ್ಧ ಮಾತು. ಬರಹ ನಮ್ಮದಾಗೇ ಇರ್ತದೆ, ತೋರಿಸಕ್ಕೆ ಅವರಿಗೆ ಒಪ್ಪಿಗೆ ಕೊಟ್ಟಿರ್ತೀವಿ ಅಷ್ಟೆ. ಯಾರು ಓದಬೇಕು ಅಂತಾನೂ ನಾವೇ ಇಡಬಹುದು, ಕರೆದೋರಿಗೆ ಮಾತ್ರ ಅಂತ. ಆದರೆ ಹಂಗೆ ಮಾಡಿದ್ರೆ ಓದೋರೆಲ್ಲಾ ಲಾಗಿನ್ ಆಗಬೇಕು, ನನ್ನ ಮೊದಲನೇ ಪ್ರಶ್ನೆ ಕೆಡ್ತದೆ. ಅದಕ್ಕೆ ಎರಡು ಮಾಡ್ಕೊಂಡಿದೀನಿ. ಅಡಿಗೆ, ಪದ ಎಲ್ಲರಿಗೂ ತೆರೆದದ್ದು. ಯಾರು ಯಾಕೆ ಮುನಿಸ್ಕೊಂಡ್ರು ಅನ್ನೋದು ಮನೆಯೋರಿಗೆ ಮಾತ್ರ. ಇನ್ನು, ಇದರಿಂದ ದುಡ್ಡು ಬರ್ತದಾ ಅಂತ ಕೇಳಿದ ನಮ್ಮೆಜಮಾನ್ರಿಗೆ ಉತ್ತರ: ನಿಮ್ಮಕ್ಕ ತಂಗೀರು ಮೂವತ್ತು ಜನ ಓದಿದ್ರೆ ಯಾರೂ ದುಡ್ಡು ಕೊಡಲ್ಲ.

ಈಗ ಪ್ರತಿ ಅಮಾಸೆಗೆ ಬ್ಯಾಕಪ್ ತೆಗೆದು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿ ಓಲೆ ಡಬ್ಬಿ ಪಕ್ಕ ಇಡ್ತೀನಿ. ವರ್ಷಕ್ಕೊಂದ್ಸಲ ಪ್ರಿಂಟ್ ಹಾಕಿಸಿ ಒಂದು ಪ್ರತಿ ಓರಗಿತ್ತಿಗೆ. ಯಾಕಂದ್ರೆ ಇಷ್ಟೆಲ್ಲಾ ತಿಳ್ಕೊಂಡಮೇಲೂ, ಉಳಿದಿದ್ದು ಹಾಲಿನ ಪುಸ್ತಕದಲ್ಲಿದ್ದದ್ದೇ ಅನ್ನೋದು ನಾನು ಮರೆಯಂಗಿಲ್ಲ.

ಕಾರ್ತೀಕ ಕಳೆದಮೇಲೆ ನಾದಿನಿ ಮಗಳಿಗೆ ಹೆಣ್ಣು ಮಗು ಆಯ್ತು. ನಾದಿನಿ ಮಳವಳ್ಳೀಲಿ ಅಡಿಗೆಮನೇಲಿ ಫೋನ್ ಗೋಡೆಗೆ ಒರಗಿಸ್ಕೊಂಡು ಓದ್ಕೊಂಡು ಖಾರ ಮಾಡಿದ್ಲು. ಮಾರನೇ ದಿನ ಬೆಳಗ್ಗೇನೇ ಫೋನು. "ಅತ್ತಿಗೆ, ನೀವು ಮೆಣಸು ಜಾಸ್ತಿ ಬರ್ದಿದೀರ. ಅವ್ವಂದು ಇಷ್ಟು ಗಂಟ್ಲು ಹಿಡೀತಿರಲಿಲ್ಲ. ಮುಕ್ಕಾಲು ಪಾಲು ಸಾಕು."

ನಾನು ಆಗಲೇ ತೆಗೆದು ತಿದ್ದಿದೆ. ತಿದ್ದಿದ್ದು ಅವಳ ಫೋನಲ್ಲೂ ಕಾಣ್ತು. "ಹ್ಞಾ, ಈಗ ಅವ್ವನ ಖಾರ" ಅಂದ್ಲು.

ನಲವತ್ತಾರರಲ್ಲಿ ಹನ್ನೊಂದು ಸಿಕ್ಕವೆ, ನೆನಪಿಂದ ಕಟ್ಟಿದ್ದು ಒಂಬತ್ತು. ಇನ್ನು ಇಪ್ಪತ್ತಾರು ಬಾಕಿ. ಆಗ ಓದಿದೋರು ಯಾರಾದ್ರೂ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ರೆ, ಅರ್ಧ ಆಗಲಿ ಮುಕ್ಕಾಲಾಗಲಿ, ಕಳ್ಸಿ. ಹಳೇ ಫೋನು ಮಕ್ಕಳ ಕೈಗೆ ಆಟಕ್ಕೆ ಕೊಟ್ಟಿದ್ರೆ ಅದನ್ನೂ ಒಂದ್ಸಲ ನೋಡಿ.