ನಕ್ಷತ್ರದ ಲೆಕ್ಕ ಬರೆಯುವ ಊರು

ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ಹೋದರೆ ಡಾರ್ಮ್‌ಸ್ಟಾಟ್ ಸಿಗುತ್ತದೆ. ಊರ ನಡುವೆ ಲೂಯಿಸೆನ್‌ಪ್ಲಾಟ್ಸ್ ಎಂಬ ಚೌಕ, ಅಲ್ಲಿ ಎತ್ತರದ ಕಂಬದ ಮೇಲೆ ಹಳೆಯ ದೊರೆಯ ಪ್ರತಿಮೆ, ಸುತ್ತ ಟ್ರಾಮ್‌ಗಳ ಓಡಾಟ. ಮಕ್ಕಳೇ, ಈ ಊರಿನ ಹೆಸರು ಧಾತುಗಳ ಪಟ್ಟಿಯಲ್ಲೂ ಇದೆ! 110ನೆಯ ಧಾತುವನ್ನು 1994ರಲ್ಲಿ ಇಲ್ಲಿಯ ಪ್ರಯೋಗಾಲಯದಲ್ಲಿ ಸೃಷ್ಟಿಸಿದ್ದರಿಂದ ಅದಕ್ಕೆ ಡಾರ್ಮ್‌ಸ್ಟಾಟಿಯಂ ಎಂದು ಹೆಸರಿಟ್ಟರು.

ಅಲ್ಲಿ ಓದುತ್ತಿದ್ದ ಮೊಮ್ಮಗಳು ಒಂದು ಸಂಜೆ ತಾಂತ್ರಿಕ ವಿಶ್ವವಿದ್ಯಾಲಯದ ಕಡೆ ನನ್ನನ್ನು ಕರೆದುಕೊಂಡು ಹೋದಳು. ಒಂದು ಕಟ್ಟಡ ತೋರಿಸಿ, "ತಾತಾ, ಇಲ್ಲಿ ಚಿನ್ನಕ್ಕೂ ಪ್ಲಾಟಿನಂಗೂ ಬೆಳಕಿನಿಂದ ಹೊಡೆಯುತ್ತಾರೆ" ಎಂದಳು. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಚಿನ್ನದ ಸಾಲದ ಲೆಕ್ಕ ಬರೆದವನು ನಾನು. ಕಿವಿ ನೆಟ್ಟಗಾಯಿತು!

ಅವಳು ಹೇಳಿದ್ದು ಇಷ್ಟು. ಕಬ್ಬಿಣಕ್ಕಿಂತ ಭಾರದ ಪರಮಾಣುಗಳಲ್ಲಿ ಹೆಚ್ಚಿನವು ನ್ಯೂಟ್ರಾನ್ ಎಂಬ ಕಣಗಳನ್ನು ಕೂಡಿಸಿಕೊಂಡು ಬೆಳೆದವು. ಆದರೆ ಸುಮಾರು 35 ಅಪರೂಪದ ಬಗೆಗಳು ಆ ದಾರಿಯಲ್ಲಿ ಹುಟ್ಟಲಾರವು. ಅವುಗಳಲ್ಲಿ ಬಹುಪಾಲು ಹುಟ್ಟುವುದು ಕಳೆಯುವ ಲೆಕ್ಕದಿಂದ. ದೊಡ್ಡ ನಕ್ಷತ್ರ ಸ್ಫೋಟಿಸುವಾಗ ಅದರ ಕೆಲವು ಪದರಗಳ ಶಾಖ 200ರಿಂದ 300 ಕೋಟಿ ಡಿಗ್ರಿಗೆ ಏರುತ್ತದೆ. ಅಲ್ಲಿನ ಗಾಮಾ ಕಿರಣವೂ ಬೆಳಕೇ. ಕಣ್ಣಿಗೆ ಕಾಣದ, ಬಲು ಶಕ್ತಿಯ ಬೆಳಕು. ಕೊಂಬೆ ಅಲುಗಿಸಿ ಹುಣಸೆಹಣ್ಣು ಉದುರಿಸುವಂತೆ ಅದು ಭಾರದ ಪರಮಾಣುವಿನಿಂದ ನ್ಯೂಟ್ರಾನ್‌ಗಳನ್ನು ಉದುರಿಸುತ್ತದೆ. ಪ್ಲಾಟಿನಂ-190 ಅಂಥ ಒಂದು ಬಗೆ. 10,000 ಪ್ಲಾಟಿನಂ ಪರಮಾಣುಗಳಲ್ಲಿ ಅದು ಸರಿಸುಮಾರು ಒಂದೇ ಒಂದು!

ನಕ್ಷತ್ರದೊಳಗೆ ಹೋಗಿ ನೋಡಲಾದೀತೆ? ಅದಕ್ಕೇ ಇಲ್ಲಿ 1991ರಿಂದ ಎಸ್-ಡಾಲಿನಾಕ್ ಎಂಬ ಯಂತ್ರ ಕೆಲಸ ಮಾಡುತ್ತಿದೆ. ಸೊನ್ನೆಗಿಂತ 271 ಡಿಗ್ರಿ ಕೆಳಗಿನ ಚಳಿಯಲ್ಲಿಟ್ಟ ನಯೋಬಿಯಂ ಲೋಹದ ಕೊಳವೆಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಓಡಿಸಿ, ತಾಮ್ರದ ಗಟ್ಟಿಗೆ ಬಡಿಸುತ್ತಾರೆ. ಆಗ ಗಾಮಾ ಕಿರಣ ಹೊಮ್ಮುತ್ತದೆ. ಅದರೆದುರು ಪ್ಲಾಟಿನಂ ಇಟ್ಟು, ಒರೆಗಲ್ಲಿನಂತೆ ಹೋಲಿಸಿ ನೋಡಲು ಚಿನ್ನದ ತೆಳು ಹಾಳೆಯನ್ನೂ ಇಡುತ್ತಾರೆ. ನ್ಯೂಟ್ರಾನ್ ಕಳೆದುಕೊಂಡ ಚಿನ್ನ ಸೂಸುವ ವಿಕಿರಣವನ್ನು ಎಣಿಸಿದರೆ ಎಷ್ಟು ಪರಮಾಣುಗಳು ಬದಲಾದವೆಂದು ತಿಳಿಯುತ್ತದೆ.

ಇಷ್ಟಾದರೂ ಲೆಕ್ಕ ಪೂರ್ತಿ ತಾಳೆಯಾಗಿಲ್ಲ. ಮಾಲಿಬ್ಡಿನಂ ಧಾತುವಿನಲ್ಲಿ ಇಂಥ ಎರಡು ಬಗೆಗಳು ಸೇರಿ ನೂರಕ್ಕೆ ಸುಮಾರು 24ರಷ್ಟಿವೆ. ನಕ್ಷತ್ರ ಸ್ಫೋಟದ ಲೆಕ್ಕದಲ್ಲಿ ಅಷ್ಟು ಬರುವುದೇ ಇಲ್ಲ.

"ಬ್ಯಾಂಕಿನಲ್ಲಿ ಹೀಗಾದರೆ ಏನು ಮಾಡ್ತಿದ್ರಿ ತಾತಾ?"

"ಮನೆಗೆ ಹೋಗೋ ಹಾಗಿಲ್ಲಮ್ಮ. ಒಂದೊಂದೇ ವೋಚರ್ ತೆಗೆದು ನೋಡಬೇಕು."

"ಇಲ್ಲಿ ಮಾಡ್ತಿರೋದೂ ಅದೇ" ಎಂದು ನಕ್ಕಳು.

ಮಕ್ಕಳೇ, ನಾಳೆ ಬೇಳೆಸಾರು ಉಣ್ಣುವಾಗ ನೆನಪಿಸಿಕೊಳ್ಳಿ. ಅದರಲ್ಲೂ ಎಳ್ಳಿಗಿಂತ ಎಷ್ಟೋ ಕಡಿಮೆ ಮಾಲಿಬ್ಡಿನಂ ಇದೆ. ಅದರ ಲೆಕ್ಕ ಮುಗಿಸುವವರು ನಿಮ್ಮಲ್ಲೇ ಒಬ್ಬರಾಗಲಿ.