ಬೆಂಗಳೂರಿನಿಂದ ಥೇಮ್ಸ್ ತೀರಕ್ಕೆ

ಮೋಳಿಗೆಯ ಮಾರಯ್ಯ ದಂಪತಿಗಳು ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದರೆಂಬುದು ನಮ್ಮ ಪರಂಪರೆ ಕಾಪಾಡಿಕೊಂಡು ಬಂದ ನೆನಪು. ಅಂದು ದಾರಿಯನ್ನು ಅಳೆಯುತ್ತಿದ್ದುದು ಹೆಜ್ಜೆಗಳಿಂದ, ತಿಂಗಳುಗಳಿಂದ. ಇಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಲಂಡನ್ನಿನ ಹೀಥ್ರೂ ನಿಲ್ದಾಣಕ್ಕೂ ಇರುವ ನೇರ ಅಂತರ ಸುಮಾರು 8,000 ಕಿಲೋಮೀಟರು. ನಡುವೆ ಇಳಿಯದ ವಿಮಾನಕ್ಕೆ ಅದು ಹತ್ತು ಹನ್ನೊಂದು ಗಂಟೆಗಳ ಹಾದಿ.

ಕೆಲವು ವರ್ಷಗಳ ಹಿಂದೆ ನವೆಂಬರ್ ತಿಂಗಳಲ್ಲಿ ನಾವು ಈ ಪ್ರಯಾಣ ಕೈಗೊಂಡಾಗ, ಎಪ್ಪತ್ತು ದಾಟಿದ ಶರಣೆಯೊಬ್ಬರು ನಮ್ಮೊಡನಿದ್ದರು. ಲಂಡನ್ನಿನಲ್ಲಿರುವ ಮಗಳ ಕೂಸಿಗೆ ಮೂರು ವರ್ಷ ತುಂಬಿದ್ದರೂ ಆ ತಾಯಿ ಅದರ ಮುಖ ಕಂಡಿರಲಿಲ್ಲ. ಲಿಂಗಪೂಜೆಯಾಗದೆ ತುತ್ತು ಮುಟ್ಟದ ನೇಮ ಅವರದು. “ಅಯ್ಯನವರೇ, ಆಕಾಶದಾಗ ಪೂಜೆಯ ಹೊತ್ತು ಯಾವುದು? ನೇಮ ತಪ್ಪಿದರ ಏನು ಮಾಡಲಿ?” ಎಂಬ ಅಳುಕೇ ಅವರನ್ನು ಮನೆಯಲ್ಲಿ ಕಟ್ಟಿಹಾಕಿತ್ತು.

ಟಿಕೆಟ್ಟಿನಲ್ಲಿ ಬೆಳಗಿನ 7ಕ್ಕೆ ಹೊರಟು ಮಧ್ಯಾಹ್ನ 12ಕ್ಕೆ ತಲಪುವುದೆಂದಿತ್ತು. ಐದೇ ಗಂಟೆಯೆಂದು ಅವರು ಹಿಗ್ಗಿದರು. ಆದರೆ ನಮ್ಮ ದೇಶದ ವೇಳೆ 82½ ಡಿಗ್ರಿ ಪೂರ್ವ ರೇಖಾಂಶದ್ದು; ಇಂಗ್ಲೆಂಡಿನದು ಸೊನ್ನೆ ಡಿಗ್ರಿಯ ಗ್ರೀನಿಚ್‌ನದು. ಹದಿನೈದು ಡಿಗ್ರಿಗೆ ಒಂದು ಗಂಟೆಯಂತೆ ಐದೂವರೆ ಗಂಟೆಗಳ ಅಂತರ. ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅದು ನಾಲ್ಕೂವರೆಯಾಗುತ್ತದೆ. ಹೀಗಾಗಿ ನಮ್ಮ ನಿಜವಾದ ಪ್ರಯಾಣ ಹತ್ತೂವರೆ ಗಂಟೆಯದು.

ಗಂಟೆಗೆ ಸುಮಾರು 900 ಕಿಲೋಮೀಟರು ಓಡುವ ವಿಮಾನಕ್ಕೆ ಒಂಬತ್ತು ಗಂಟೆ ಸಾಲದೆ? ಏರುವಾಗ, ಇಳಿಯುವಾಗ ವೇಗ ಕಡಿಮೆ, ಹಾದಿಯಲ್ಲಿ ಬಳಸುಗಳುಂಟು, ಎತ್ತರದಲ್ಲಿ ಪಡುವಣದಿಂದ ಬೀಸುವ ಬಿರುಗಾಳಿ ಎದುರಾಗುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗಿರುವುದರಿಂದ ಸಾಮಾನ್ಯವಾಗಿ ಹೊತ್ತು ಉಳಿಯುತ್ತದೆ.

ನಾವು ಆ ತಾಯಿಗೆ ಹೇಳಿದ್ದಿಷ್ಟು: ಮುಂಜಾವಿನ ಪೂಜೆ ಮನೆಯಲ್ಲಿಯೇ ಆಗಲಿ. ಸೂರ್ಯನ ಜೊತೆಗೇ ಪಡುವಣಕ್ಕೆ ಸಾಗುವಾಗ ಹಗಲು ಹಿಗ್ಗುತ್ತದೆ. ಆದ್ದರಿಂದ ಹೊರಗಿನ ಹೊತ್ತನ್ನು ನೋಡದೆ ನಿಮ್ಮ ಊರಿನ ಹೊತ್ತನ್ನೇ ಹಿಡಿಯಿರಿ. ದೀಪಧೂಪಗಳಿಲ್ಲದಿದ್ದರೂ ಭಸ್ಮವುಂಟು, ಅಂಗೈಯುಂಟು, ದೃಷ್ಟಿಯುಂಟು. ಅಂಗೈಯ ಲಿಂಗಕ್ಕೆ ಗುಡಿ ಬೇಡವೆಂದು ಶರಣರು ತೋರಿದ ಮೇಲೆ, ಗುಡಿಯಿಲ್ಲದ ಆಕಾಶಕ್ಕೆ ಅಂಜುವುದೇಕೆ?

ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆಗೆ ಯಂತ್ರ ಸದ್ದುಮಾಡಿತು. ತಾಯಿ ಕೈಮುಗಿದು ವಿವರಿಸಿದರು. ಅಲ್ಲಿದ್ದ ಹೆಣ್ಣುಮಗಳು ಪರದೆಯ ಮರೆಗೆ ಕರೆದೊಯ್ದು, ಅದನ್ನು ಮೈಯಿಂದ ಬೇರ್ಪಡಿಸದೆಯೇ ಪರೀಕ್ಷಿಸಿ ಕಳುಹಿದಳು. ಮೋಡಗಳ ಮೇಲೆ, ಕುಳಿತಲ್ಲಿಯೇ ಪೂಜೆ ಸಾಗಿತು. ಆಮೇಲೆಯೇ ಅವರು ಬುತ್ತಿಯ ಗಂಟು ಬಿಚ್ಚಿದರು.

ಮರುದಿನ ಥೇಮ್ಸ್ ನದಿಯ ದಡಕ್ಕೆ ಹೋದೆವು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಬಸವೇಶ್ವರರ ಪ್ರತಿಮೆ ಅಲ್ಲಿದೆ. ಹೊಳೆಯಾಚೆ ಬ್ರಿಟನ್ನಿನ ಸಂಸತ್ ಭವನ. ಇಂಗ್ಲೆಂಡಿನ ಮ್ಯಾಗ್ನಾಕಾರ್ಟಾ 1215ರದು. ಅದಕ್ಕೂ ಹಿಂದಿನ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪ ಸೇರುತ್ತಿತ್ತು. ಮೊಮ್ಮಗುವನ್ನು ಕಂಕುಳಲ್ಲೆತ್ತಿಕೊಂಡ ತಾಯಿ ಪ್ರತಿಮೆಗೆ ಶರಣೆಂದು, ನಮ್ಮತ್ತ ತಿರುಗಿ, “ಹತ್ತೂವರೆ ತಾಸಿನ ಹಾದಿಗೆ ಮೂರು ವರ್ಷ ಕುಂತೆನಲ್ರೀ” ಎಂದು ಕಣ್ಣೊರಸಿಕೊಂಡರು.

ಹೊರನಾಡಿನಲ್ಲಿ ಮಕ್ಕಳುಳ್ಳ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ನೇಮಕ್ಕೆ ಅಂಜಿ ಪ್ರಯಾಣವನ್ನು ಮುಂದೂಡಬೇಡಿ. ಇಷ್ಟಲಿಂಗವು ನಿಮ್ಮೊಡನೆಯೇ ಬರುತ್ತದೆ.